ವಿದ್ಯುತ್ ಕಾರು ಮತ್ತು ಅಂಗವಿಕಲ ಚಾಲಕರು: ಒಂದು ಹಿನ್ನೋಟ

ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಹಾದು ಚಾಮರಾಜನಗರ ತಲುಪಲು ಸುಮಾರು 35 ಕಿಲೋಮೀಟರು. ಹೋಗಿ ಬರಲು 70. ಮೈಸೂರಿನಿಂದ ಬೇರ್ಪಟ್ಟು 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದ ಮೇಲೆ ಗುಂಡ್ಲುಪೇಟೆ ತಾಲ್ಲೂಕಿನವರು ಜಿಲ್ಲಾ ಮಟ್ಟದ ಕೆಲಸಗಳಿಗೆಲ್ಲ ಈ ರಸ್ತೆಯನ್ನೇ ಹಿಡಿಯಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಆಸ್ಪತ್ರೆ, ಕೆಎ-10 ಸಂಖ್ಯೆ ಕೊಡುವ ಸಾರಿಗೆ ಕಚೇರಿ ಎಲ್ಲವೂ ಅಲ್ಲಿವೆ. ಕಾಲುಗಳಲ್ಲಿ ಬಲವಿಲ್ಲದ ಒಬ್ಬರು ಈ ಪ್ರಯಾಣಕ್ಕೆ ಹೊರಟರೆನ್ನಿ. ಸಾರಿಗೆ ಸಂಸ್ಥೆಯ ಬಸ್ಸಿನ ಮೊದಲ ಮೆಟ್ಟಿಲೇ ಅವರಿಗೆ ಬೆಟ್ಟ. ಅವರು ತಾವೇ ಕಾರು ನಡೆಸಿಕೊಂಡು ಹೋಗಿ ಬರಬಹುದೆ? ಆ ಕಾರು ವಿದ್ಯುತ್ತಿನಿಂದ ಓಡುವಂಥದಾದರೆ ಅವರಿಗೆ ಅನುಕೂಲವೆ, ತೊಡಕೆ?

ಇದು ಇತ್ತೀಚೆಗೆ ಹುಟ್ಟಿದ ಪ್ರಶ್ನೆಯೆಂದು ನಿಮಗೆ ಅನಿಸಬಹುದು. ವಾಸ್ತವವಾಗಿ ಇದಕ್ಕೆ ನೂರು ವರ್ಷಕ್ಕೂ ಮಿಗಿಲಾದ ಚರಿತ್ರೆಯಿದೆ. ಆ ಚರಿತ್ರೆ ತಿಳಿದರೆ ಉತ್ತರ ನಾವು ಊಹಿಸಿದ್ದಕ್ಕಿಂತ ಸ್ವಲ್ಪ ಬೇರೆಯಾಗಿಯೇ ಬರುತ್ತದೆ.

ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲ ಸಂಚಾಯಕ ಕೋಶವನ್ನು ರೂಪಿಸಿದ. ಮತ್ತೆ ಮತ್ತೆ ಆವೇಶಗೊಳಿಸಬಹುದಾದ ಈ ಬ್ಯಾಟರಿಯಿಂದಾಗಿ ವಿದ್ಯುತ್ ವಾಹನ ಸಾಧ್ಯವಾಯಿತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಮೋಟಾರು ವಾಹನಗಳ ಪೈಕಿ 1,575 ವಿದ್ಯುತ್ತಿನವು. ಪೆಟ್ರೋಲಿನವು 936 ಮಾತ್ರ. ಉಳಿದವು ಉಗಿಯಿಂದ ಓಡುತ್ತಿದ್ದವು. ವಿದ್ಯುತ್ ಕಾರು ಪೆಟ್ರೋಲ್ ಕಾರಿನ ತಮ್ಮನಲ್ಲ, ಅದರ ಜೊತೆಗಾರ.

ಪೆಟ್ರೋಲ್ ಕಾರಿನ ದೊಡ್ಡ ಕಷ್ಟವೆಂದರೆ ಅದನ್ನು ಚಾಲೂ ಮಾಡುವುದು. ಮುಂದೆ ನಿಂತು ಕಬ್ಬಿಣದ ಹ್ಯಾಂಡಲನ್ನು ಬಲವಾಗಿ ತಿರುಗಿಸಬೇಕಿತ್ತು. ಹಳೆಯ ಬಸ್ಸು, ಲಾರಿಗಳಿಗೆ ಹ್ಯಾಂಡಲ್ ಹೊಡೆಯುತ್ತಿದ್ದುದನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಎಂಜಿನ್ ಹಿಮ್ಮುಖವಾಗಿ ಒದ್ದರೆ ತಿರುಗಿಸುವವನ ಮುಂಗೈ ಮುರಿಯುವುದು ಅಪರೂಪವೇನಲ್ಲ. ತೋಳು, ಸೊಂಟ, ಕಾಲು ಮೂರೂ ಗಟ್ಟಿಯಿದ್ದವನಿಗೆ ಮಾತ್ರ ಆ ವಾಹನ. ವಿದ್ಯುತ್ ಕಾರಿಗೆ ಇದಾವುದೂ ಬೇಕಿರಲಿಲ್ಲ. ಹೀಗಾಗಿ ಅದು ವೃದ್ಧರ, ವೈದ್ಯರ, ಮಹಿಳೆಯರ ಕಾರೆಂದು ಹೆಸರಾಯಿತು. ಪೆಟ್ರೋಲ್ ಕಾರುಗಳನ್ನು ಲಕ್ಷಗಟ್ಟಲೆ ತಯಾರಿಸಿದ ಹೆನ್ರಿ ಫೋರ್ಡನ ಪತ್ನಿ ಕ್ಲಾರಾ ಓಡಿಸುತ್ತಿದ್ದುದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರನ್ನು!

ಈ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರಿನ ಒಳಗನ್ನು ನೀವು ಚಿತ್ರದಲ್ಲಾದರೂ ನೋಡಬೇಕು. ಅದರಲ್ಲಿ ದುಂಡನೆಯ ಚಕ್ರವಿಲ್ಲ. ದೋಣಿಯ ಚುಕ್ಕಾಣಿಯಂತೆ ಅಡ್ಡಲಾಗಿ ಬಂದ ಒಂದು ಉದ್ದ ಸನ್ನೆಯಿಂದ ದಿಕ್ಕು ಬದಲಿಸುತ್ತಾರೆ. ಇನ್ನೊಂದು ಚಿಕ್ಕ ಸನ್ನೆಯಿಂದ ವೇಗ ಹೆಚ್ಚು ಕಡಿಮೆ ಮಾಡುತ್ತಾರೆ. ಕಾಲಿಗೆ ಉಳಿದ ಕೆಲಸ ಬ್ರೇಕ್ ಒತ್ತುವುದಷ್ಟೇ. ಎಂದರೆ ನಾವು ಇಂದು ಅಂಗವಿಕಲರಿಗಾಗಿ ವಿಶೇಷವಾಗಿ ಅಳವಡಿಸುವ ಕೈ ನಿಯಂತ್ರಣ ಆ ಕಾಲದ ವಿದ್ಯುತ್ ಕಾರಿನಲ್ಲಿ ಬಹುಮಟ್ಟಿಗೆ ಮೂಲ ವಿನ್ಯಾಸವೇ ಆಗಿತ್ತು. ಫೋರ್ಡನ ಟಿ ಮಾದರಿಯಲ್ಲೂ ಪೆಟ್ರೋಲ್ ಹೆಚ್ಚಿಸುವ ಸನ್ನೆ ಕೈಯ ಬಳಿಯೇ ಇತ್ತು. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಂಬ ಮೂರು ಪೆಡಲುಗಳ ಸಾಲು ನಿಸರ್ಗ ನಿಯಮವೇನಲ್ಲ. ಅದು ಎರಡೂ ಕಾಲು ಸರಿಯಿರುವವರು ತಮಗಾಗಿ ಮಾಡಿಕೊಂಡ ಒಂದು ರೂಢಿ. ಮೊದಲ ಮಹಾಯುದ್ಧದ ಹೊತ್ತಿಗೆ ಅದು ನೆಲೆಗೊಳ್ಳತೊಡಗಿತು.

ರೂಢಿ ನೆಲೆಗೊಳ್ಳಲು ದಾರಿ ಮಾಡಿಕೊಟ್ಟದ್ದು, ವಿಚಿತ್ರವೆಂದರೆ, ಒಂದು ವಿದ್ಯುತ್ ಮೋಟರೇ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿದ ಕೂಡಲೇ ವಿದ್ಯುತ್ ಕಾರಿನ ದೊಡ್ಡ ಆಕರ್ಷಣೆ ಹೊರಟುಹೋಯಿತು. ಪೆಟ್ರೋಲ್ ಕಾರು ಅಗ್ಗವಾಗುತ್ತ ಬಂತು, ದೂರ ಓಡುತ್ತಿತ್ತು. ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿ ಹೇಗೋ 1939ರವರೆಗೆ ಉಸಿರು ಹಿಡಿದು ಮುಚ್ಚಿತು.

ಮಹಾಯುದ್ಧಗಳು ಕೈಕಾಲು ಕಳೆದುಕೊಂಡ ಸಾವಿರಾರು ಯುವಕರನ್ನು ಮನೆಗೆ ಕಳುಹಿಸಿದವು. ಇಂಗ್ಲೆಂಡಿನ ಬಾತ್ ಪಟ್ಟಣದ ಹಾರ್ಡಿಂಗ್ ಕಂಪನಿ 1920ರ ದಶಕದಿಂದ ಇಂಥವರಿಗಾಗಿ ಮೂರು ಚಕ್ರದ ಗಾಡಿಗಳನ್ನು ಮಾಡತೊಡಗಿತು. ಅವುಗಳಲ್ಲಿ ಕೆಲವು ಬ್ಯಾಟರಿಯವು. ಎರಡನೆಯ ಮಹಾಯುದ್ಧದ ನಡುವೆ ಬರ್ಟ್ ಗ್ರೀವ್ಸ್ ಎಂಬ ಎಂಜಿನಿಯರು ಪಾರ್ಶ್ವವಾಯು ಪೀಡಿತನಾದ ತನ್ನ ನೆಂಟನಿಗಾಗಿ ಗಾಲಿಕುರ್ಚಿಗೆ ಎಂಜಿನ್ ಕೂರಿಸಿದ. ಅದರಿಂದ ಇನ್ವಾಕಾರ್ ಎಂಬ ವಾಹನ ಬೆಳೆಯಿತು. ಯುದ್ಧಾನಂತರ ಬ್ರಿಟಿಷ್ ಸರ್ಕಾರ ತಿಳಿನೀಲಿ ಬಣ್ಣದ ಈ ಮೂರು ಚಕ್ರದ ವಾಹನಗಳನ್ನು ಅಂಗವಿಕಲರಿಗೆ ಹಂಚಿತು. ಅವು ದಶಕಗಳ ಕಾಲ ಓಡಿ, ಸುರಕ್ಷತೆಯ ಕಾರಣದಿಂದ 2003ರ ಮಾರ್ಚ್ 31ಕ್ಕೆ ರಸ್ತೆಯಿಂದ ಹಿಂತೆಗೆಯಲ್ಪಟ್ಟವು. ಇನ್ವಾಕಾರಿನಲ್ಲಿ ಇದ್ದುದು ಒಂದೇ ಆಸನ. ತಾಯಿಯೊಬ್ಬಳು ಅದರಲ್ಲಿ ತನ್ನ ಮಗುವನ್ನು ಕೂರಿಸಿಕೊಂಡು ಹೋಗುವಂತಿರಲಿಲ್ಲ. ವಿಶೇಷ ವಾಹನ ಒಬ್ಬರನ್ನು ಊರಿಗೆ ಸೇರಿಸುತ್ತದೆ, ಜೊತೆಗೆ ಮನೆಯವರಿಂದ ಬೇರೆ ಮಾಡುತ್ತದೆ. ಬ್ರಿಟನ್ ಆ ಹಂಚಿಕೆಯನ್ನು ಕೈಬಿಟ್ಟು, ಎಲ್ಲರೂ ಓಡಿಸುವ ಸಾಮಾನ್ಯ ಕಾರನ್ನೇ ಮಾರ್ಪಡಿಸಿ ಕೊಡುವ ದಾರಿ ಹಿಡಿದದ್ದರ ಹಿಂದೆ ಈ ಅನುಭವವಿದೆ. ಸಾಮಾನ್ಯ ಕಾರನ್ನು ಮಾರ್ಪಡಿಸಬಹುದೆಂಬುದು ಆ ವೇಳೆಗೆ ಹೊಸ ಸಂಗತಿಯೂ ಅಲ್ಲ. ಪೋಲಿಯೋದಿಂದ ಕಾಲುಗಳ ಬಲ ಕಳೆದುಕೊಂಡಿದ್ದ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೈಯಿಂದಲೇ ನಿಯಂತ್ರಿಸುತ್ತಿದ್ದ 1936ರ ಫೋರ್ಡ್ ಕಾರು ಇಂದಿಗೂ ಅವರ ಊರಿನಲ್ಲಿ ಪ್ರದರ್ಶನಕ್ಕಿದೆ.

ಈಗ ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದಲ್ಲಿ 2011ರ ಜನವರಿಯಲ್ಲಿ ಕಾಣಿಸಿತು. 2014ರಲ್ಲಿ ದೇಶ ಪೋಲಿಯೋ ಮುಕ್ತವೆಂದು ಪ್ರಮಾಣೀಕೃತವಾಯಿತು. ಲಸಿಕೆಯ ಹನಿ ಎಲ್ಲ ಮಕ್ಕಳನ್ನೂ ತಲುಪುವ ಮೊದಲು ಹುಟ್ಟಿದ ಪೋಲಿಯೋ ಪೀಡಿತರು ಈಗ ನಡುವಯಸ್ಸಿನವರು, ದುಡಿಯುವವರು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರು. ಅವರಲ್ಲಿ ಸುಮಾರು 54 ಲಕ್ಷ ಮಂದಿ ಚಲನೆಯ ತೊಂದರೆಯುಳ್ಳವರು. ಕರ್ನಾಟಕದ ಒಟ್ಟು ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಒಂದು ಅಂಶವನ್ನು ವಿಶೇಷವಾಗಿ ಗಮನಿಸಿ: ದೇಶದ ಅಂಗವಿಕಲರಲ್ಲಿ ಶೇಕಡ 69ರಷ್ಟು ಮಂದಿ ಹಳ್ಳಿಗಳಲ್ಲಿದ್ದಾರೆ. ನಗರದ ರಸ್ತೆಗೆಂದು ವಿನ್ಯಾಸಗೊಂಡ ಯಾವುದೇ ವಾಹನವನ್ನು ಗುಂಡ್ಲುಪೇಟೆಯ ಅಳತೆಗೋಲಿನಿಂದ ನೋಡಬೇಕಾದದ್ದು ಅದಕ್ಕಾಗಿಯೇ.

ನಮ್ಮಲ್ಲಿ ಕೆಟರಿಂಗನ ಕೆಲಸವನ್ನು ಮಾಡಿದ್ದು ಕಾರಲ್ಲ, ಸ್ಕೂಟರು. ಹಳೆಯ ಬಜಾಜ್ ಸ್ಕೂಟರಿಗೆ ಕಾಲಿನಿಂದ ಕಿಕ್ ಹೊಡೆಯಬೇಕಿತ್ತು. ಹಿಂಬದಿ ಬ್ರೇಕನ್ನೂ ಕಾಲಿನಿಂದಲೇ ಒತ್ತಬೇಕಿತ್ತು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಲ್ಲಿ ಗೇರಿಲ್ಲ. ಗುಂಡಿ ಒತ್ತಿದರೆ ಎಂಜಿನ್ ಚಾಲೂ. ಎರಡು ಬ್ರೇಕುಗಳೂ ಕೈಯಲ್ಲೇ. ಹಿಂದೆ ಎರಡು ಪಕ್ಕದ ಚಕ್ರಗಳನ್ನು ಜೋಡಿಸಿದರೆ ಕಾಲೂರದೆ ಓಡಿಸಬಹುದಾದ ವಾಹನ ಸಿದ್ಧವಾಯಿತು. ಇಂಥ ಸ್ಕೂಟರುಗಳ ಮೇಲೆ ಅಂಚೆ ಕಚೇರಿಗೆ, ಶಾಲೆಗೆ, ಅಂಗಡಿಗೆ ಹೋಗುವವರನ್ನು ನೀವು ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಕಾಣುತ್ತೀರಿ. ರಾಜ್ಯ ಸರ್ಕಾರವೂ ಇಂಥ ವಾಹನಗಳನ್ನು ವಿತರಿಸುತ್ತ ಬಂದಿದೆ. ಕಾನ್ಪುರದ ಅಲಿಮ್ಕೋ ಸಂಸ್ಥೆಯ ಬ್ಯಾಟರಿ ಚಾಲಿತ ತ್ರಿಚಕ್ರಗಳು ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬರುತ್ತವೆ. ಮಳೆಗೂ ಬಿಸಿಲಿಗೂ ಒಡ್ಡಿಕೊಂಡು 35 ಕಿಲೋಮೀಟರು ಹೋಗುವುದು ಮಾತ್ರ ಬೇರೆಯೇ ಮಾತು.

ಕರ್ನಾಟಕದ ಕಾರಿನ ಕಥೆ ಬೆಂಗಳೂರಿನ ರೇವಾದಿಂದ ತೊಡಗುತ್ತದೆ. ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಸೇರಿ 1994ರಲ್ಲಿ ಈ ಸಂಸ್ಥೆಯನ್ನು ಕಟ್ಟಿದವು. ವಿದ್ಯಾರ್ಥಿ ದೆಸೆಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸೌರ ಕಾರಿನ ತಂಡದಲ್ಲಿದ್ದ ಚೇತನ್ ಮೈನಿ ಇದರ ಮುಖ್ಯ ಎಂಜಿನಿಯರು. ಬೊಮ್ಮಸಂದ್ರದಲ್ಲಿ ತಯಾರಾದ ರೇವಾ 2001ರಲ್ಲಿ ಮಾರುಕಟ್ಟೆಗೆ ಬಂತು. 2004ರ ವೇಳೆಗೆ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಮಹೀಂದ್ರ ಕಂಪನಿ ಇದರ ಬಹುಪಾಲನ್ನು ಕೊಂಡಿತು. 2013ರಲ್ಲಿ ಇ2ಒ ಬಂತು. ಕೆಲವು ವರ್ಷಗಳಲ್ಲಿ ಅದೂ ನಿಂತಿತು.

ರೇವಾ ಅಂಗವಿಕಲರಿಗೆಂದೇ ಹುಟ್ಟಿದ ಕಾರಲ್ಲ. ಆದರೂ ಅದರಲ್ಲಿ ಕ್ಲಚ್ಚಿರಲಿಲ್ಲ, ಗೇರ್ ಕಡ್ಡಿಯೂ ಇರಲಿಲ್ಲ. ಮುಂದಕ್ಕೆ, ಹಿಂದಕ್ಕೆ ಎಂದು ಆರಿಸಲು ಒಂದು ತಿರುಗುಗುಂಡಿ, ಎರಡು ಪೆಡಲು, ಅಷ್ಟೆ. ಎಡಗಾಲು ಇಲ್ಲದವರು ಅದನ್ನು ಯಾವ ಮಾರ್ಪಾಡೂ ಇಲ್ಲದೆ ಓಡಿಸಬಹುದಿತ್ತು. ಆ ದಿನಗಳಲ್ಲಿ ನಮ್ಮ ಸಣ್ಣ ಕಾರುಗಳಲ್ಲಿ ಇದು ತೀರ ಅಪರೂಪ.

ಗೇರು ಏಕೆ ಬೇಡವಾಯಿತು ಎಂಬುದು ವಿದ್ಯಾರ್ಥಿಗಳು ತಿಳಿಯಬೇಕಾದ ವಿಷಯ. ಪೆಟ್ರೋಲ್ ಎಂಜಿನ್ ನಿಂತಲ್ಲಿಂದ ತಾನೇ ಹೊರಡಲಾರದು. ನಿಮಿಷಕ್ಕೆ ಕೆಲವು ನೂರು ಸುತ್ತಾದರೂ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಜೀವ. ಆದ್ದರಿಂದ ತಿರುಗುವ ಎಂಜಿನ್ನನ್ನೂ ನಿಂತ ಚಕ್ರವನ್ನೂ ಮೆಲ್ಲಗೆ ಕೂಡಿಸಲು ಕ್ಲಚ್ ಬೇಕು. ಹೊರಡುವಾಗ ಹೆಚ್ಚಿನ ತಿರುಗುಬಲ ಒದಗಿಸಲು ಗೇರು ಬೇಕು. ವಿದ್ಯುತ್ ಮೋಟರಿನಲ್ಲಿ ವಿದ್ಯುತ್ ಪ್ರವಾಹವೂ ಕಾಂತಕ್ಷೇತ್ರವೂ ಇದ್ದರೆ ಸಾಕು, ಸುತ್ತು ಸೊನ್ನೆಯಿದ್ದಾಗಲೇ ತಿರುಗುಬಲ ಹುಟ್ಟುತ್ತದೆ. ಎಡಗಾಲಿನ ಕೆಲಸವನ್ನು ತೆಗೆದುಹಾಕಿದ್ದು ಯಾರ ಕರುಣೆಯೂ ಅಲ್ಲ, ಮೋಟರಿನ ಗುಣ.

ಎರಡೂ ಕಾಲು ಆಡದವರಿಗೆ ಕೈ ನಿಯಂತ್ರಣ ಬೇಕು. ಸ್ಟಿಯರಿಂಗ್ ಬಳಿ ಒಂದು ಸನ್ನೆ: ಒಂದು ಕಡೆಗೆ ಸರಿಸಿದರೆ ವೇಗ, ಇನ್ನೊಂದು ಕಡೆಗೆ ಒತ್ತಿದರೆ ಬ್ರೇಕ್. ವಿದ್ಯುತ್ ಕಾರಿನ ಆಕ್ಸಿಲರೇಟರ್ ತಂತಿಯನ್ನು ಎಳೆಯುವುದಿಲ್ಲ, ಸಂಕೇತವನ್ನು ಕಳಿಸುತ್ತದೆ. ಹೀಗಾಗಿ ಬೆರಳಿನ ಬಲವೇ ಸಾಕು. ಬ್ರೇಕಿನ ವಿಷಯ ಇನ್ನೂ ಸ್ವಾರಸ್ಯಕರ. ಆಕ್ಸಿಲರೇಟರ್ ಬಿಟ್ಟೊಡನೆ ಮೋಟರು ಜನರೇಟರಿನಂತೆ ವರ್ತಿಸಿ, ಕಾರಿನ ಚಲನಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತ ವೇಗ ತಗ್ಗಿಸುತ್ತದೆ. ಬ್ರೇಕ್ ಒತ್ತುವ ಸಂದರ್ಭಗಳು ಕಡಿಮೆಯಾಗುತ್ತವೆ. ಎಲ್ಲ ಕೆಲಸವನ್ನೂ ತೋಳಿಗೆ ಹೊರಿಸಿಕೊಂಡವರಿಗೆ ಇದು ದೊಡ್ಡ ಉಪಕಾರ.

ಆದರೆ ಇಲ್ಲೊಂದು ಎಚ್ಚರಿಕೆಯಿದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿಯಲಾಗದು. ಬಿಳಿಗಿರಿರಂಗನ ಬೆಟ್ಟದ ಮೇಲೆ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯತೊಡಗಿದರೆ, ಬ್ಯಾಟರಿ ಪೂರ್ಣವಿರುವುದರಿಂದ ಈ ಮರಳಿಕೆಯ ಬ್ರೇಕ್ ಮಂದವಾಗಿರುತ್ತದೆ. ಅದನ್ನೇ ನೆಚ್ಚಿಕೊಂಡ ಚಾಲಕರು ಇಳಿಜಾರಿನ ಮೊದಲ ತಿರುವಿನಲ್ಲೇ ಕೈಯಿಂದ ಬಲವಾಗಿ ಬ್ರೇಕ್ ಒತ್ತಬೇಕಾಗುತ್ತದೆ. ಬೆಟ್ಟದ ಮೇಲೆ ಪೂರ್ತಿ ತುಂಬಿಸದೆ ಸ್ವಲ್ಪ ಜಾಗ ಉಳಿಸಿಕೊಳ್ಳುವುದು ಜಾಣತನ.

ಇನ್ನು ದೂರದ ಲೆಕ್ಕ. ಮೊದಲ ರೇವಾದಲ್ಲಿ 6 ವೋಲ್ಟಿನ, 200 ಆಂಪಿಯರ್-ಗಂಟೆಯ 8 ಸೀಸ-ಆಮ್ಲ ಬ್ಯಾಟರಿಗಳು ಮುಂದಿನ ಆಸನಗಳ ಕೆಳಗಿದ್ದವು. ಒಟ್ಟು 48 ವೋಲ್ಟ್. 48ನ್ನು 200ರಿಂದ ಗುಣಿಸಿದರೆ 9,600 ವ್ಯಾಟ್-ಗಂಟೆ, ಎಂದರೆ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 9.6 ಯೂನಿಟ್. ಕಂಪನಿ ಹೇಳಿದ ದೂರ 80 ಕಿಲೋಮೀಟರು. ಕಿಲೋಮೀಟರಿಗೆ 120 ವ್ಯಾಟ್-ಗಂಟೆ ಆಯಿತು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗಿ ಬರಲು 70 ಕಿಲೋಮೀಟರು ಎಂದೆವಲ್ಲ. ಕಾಗದದ ಮೇಲೆ 10 ಕಿಲೋಮೀಟರು ಉಳಿಯುತ್ತದೆ. ಬ್ಯಾಟರಿ ಎರಡು ವರ್ಷ ಹಳೆಯದಾದರೆ, ರಸ್ತೆ ಕೆಟ್ಟಿದ್ದರೆ, ರಾತ್ರಿ ದೀಪ ಉರಿಸಬೇಕಾದರೆ ಅದೂ ಉಳಿಯದು. ಸೀಸ-ಆಮ್ಲ ಬ್ಯಾಟರಿ ಒಂದು ಕಿಲೋ ತೂಕಕ್ಕೆ ಸುಮಾರು 35 ವ್ಯಾಟ್-ಗಂಟೆಯಷ್ಟನ್ನು ಮಾತ್ರ ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿ: ಸುಮಾರು 745 ಕಿಲೋದ ಆ ಕಾರಿನ ಮೂರನೆಯ ಒಂದು ಭಾಗಕ್ಕೂ ಮಿಗಿಲು ಬರಿಯ ಬ್ಯಾಟರಿಯೇ!

ಬೆಟ್ಟ ಹತ್ತುವುದಾದರೆ? ಜನರೂ ಸೇರಿ 900 ಕಿಲೋ ತೂಕದ ಕಾರು ಬಯಲಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೆ 800 ಮೀಟರು ಏರುತ್ತದೆಂದು ಇಟ್ಟುಕೊಳ್ಳೋಣ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 70 ಲಕ್ಷ ಜೂಲ್, ಎಂದರೆ ಹತ್ತಿರ ಹತ್ತಿರ 2 ಯೂನಿಟ್. ಮೋಟರು ಮತ್ತು ನಿಯಂತ್ರಕದ ನಷ್ಟ ಸೇರಿಸಿದರೆ ಎರಡೂವರೆ ದಾಟುತ್ತದೆ. ದೂರ ಕ್ರಮಿಸುವ ಖರ್ಚು ಬೇರೆ. ಹತ್ತುವುದಕ್ಕೇ ಬ್ಯಾಟರಿಯ ಕಾಲುಭಾಗ ಖಾಲಿ!

ಕೈಕಾಲು ಗಟ್ಟಿಯಿದ್ದವರು ದಾರಿಯಲ್ಲಿ ಕಾರು ನಿಂತರೆ ಇಳಿದು ನಡೆಯುತ್ತಾರೆ, ಬರುವ ಬಸ್ಸಿಗೆ ಕೈ ಒಡ್ಡುತ್ತಾರೆ. ಗಾಲಿಕುರ್ಚಿಯನ್ನು ನೆಚ್ಚಿದವರು ಕಾರಿನಲ್ಲೇ ಕುಳಿತಿರಬೇಕು. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಬಂಡೀಪುರದ ಕಾಡು. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಸಂಜೆ ಎಂಟೂವರೆಗೆ ಆ ಕಾಡಿನ ನಡುವೆ ಬ್ಯಾಟರಿ ಮುಗಿದ ಕಾರಿನಲ್ಲಿ ಒಬ್ಬರೇ ಕುಳಿತಿರುವುದನ್ನು ಊಹಿಸಿಕೊಳ್ಳಿ. ಆದ್ದರಿಂದ ಕಾರಿನ ದೂರದ ಮಿತಿ ಎಲ್ಲರಿಗೂ ಒಂದೇ ಸಂಖ್ಯೆಯಾದರೂ ಒಂದೇ ಅರ್ಥ ಕೊಡುವುದಿಲ್ಲ. ರೇವಾ ಬೆಂಗಳೂರಿನ ಅಂಗವಿಕಲರಿಗೆ ಒಗ್ಗುವಂತಿತ್ತು. ಗುಂಡ್ಲುಪೇಟೆಯವರಿಗೆ ಒಗ್ಗುವಂತಿರಲಿಲ್ಲ ಎಂದೇ ನಾನು ಹೇಳುತ್ತೇನೆ. ಎರಡು ಬಾಗಿಲಿನ, ಎರಡೂವರೆ ಮೀಟರಿಗಿಂತ ತುಸು ಉದ್ದದ ಆ ಕಾರಿನಲ್ಲಿ ಗಾಲಿಕುರ್ಚಿಯನ್ನು ಮಡಿಚಿ ಇಟ್ಟರೆ ಹಿಂದೆ ಮತ್ತಾರೂ ಕೂರುವಂತಿರಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಲಿಥಿಯಮ್ ಅಯಾನ್ ಬ್ಯಾಟರಿ ಈ ಲೆಕ್ಕವನ್ನು ಬದಲಿಸಿತು. ಅದು ಕವಚ ಸಮೇತ ಕಿಲೋಗೆ ನೂರು ವ್ಯಾಟ್-ಗಂಟೆಗೂ ಹೆಚ್ಚು ಹಿಡಿಯುತ್ತದೆ. 2022ರಲ್ಲಿ ಬಂದ ಟಾಟಾ ಟಿಯಾಗೊ ವಿದ್ಯುತ್ ಕಾರಿನ ದೊಡ್ಡ ಬ್ಯಾಟರಿ 24 ಯೂನಿಟ್ಟಿನದು. ಕಿಲೋಮೀಟರಿಗೆ ಅದೇ 120 ವ್ಯಾಟ್-ಗಂಟೆ ಎಂದರೂ 200 ಕಿಲೋಮೀಟರು. ಚಾಮರಾಜನಗರಕ್ಕೆ ಹೋಗಿ ಬಂದು, ಮರುದಿನ ಚಾರ್ಜ್ ಮಾಡದೆಯೇ ಇನ್ನೊಮ್ಮೆ ಹೋಗಿ ಬರಬಹುದು. ದೂರದ ಭಯ ಬಹುಮಟ್ಟಿಗೆ ತೀರಿತು.

ಹಾಗಾದರೆ ವಿದ್ಯುತ್ ಕಾರೇ ಉತ್ತರವೆ? ನ್ಯಾಯವಾಗಿ ಹೇಳಬೇಕೆಂದರೆ, ಅಂಗವಿಕಲರಿಗೆ ಮೊದಲು ಬೇಕಾದದ್ದು ವಿದ್ಯುತ್ತಲ್ಲ, ಎರಡು ಪೆಡಲು. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ಅಗ್ಗದ ಸ್ವಯಂಚಾಲಿತ ಗೇರು ಬಂದ ಮೇಲೆ ಪೆಟ್ರೋಲ್ ಕಾರಿನಲ್ಲೂ ಆ ಅನುಕೂಲ ಸಿಗತೊಡಗಿತು. ಕೈ ನಿಯಂತ್ರಣವನ್ನು ಅದಕ್ಕೂ ಜೋಡಿಸಬಹುದು.

ಹೊರದೇಶದ ಬರಹಗಳಲ್ಲಿ ಒಂದು ವಾದವನ್ನು ನೀವು ಓದಿರಬಹುದು: ವಿದ್ಯುತ್ ಕಾರಿದ್ದರೆ ಅಂಗವಿಕಲರು ಪೆಟ್ರೋಲ್ ಬಂಕಿನಲ್ಲಿ ಇಳಿಯುವ ಕಷ್ಟವಿಲ್ಲ, ಮನೆಯಲ್ಲೇ ತುಂಬಿಸಿಕೊಳ್ಳಬಹುದು. ಬ್ರಿಟನ್ನಿನಲ್ಲಿ ಬಂಕಿಗೆ ಹೋದವರು ತಾವೇ ಇಳಿದು ಪೆಟ್ರೋಲ್ ಹಾಕಿಕೊಳ್ಳುವುದರಿಂದ ಅಲ್ಲಿಗೆ ಈ ವಾದ ಸರಿ. ನಮ್ಮ ಬಂಕಿನಲ್ಲಿ ಹುಡುಗ ಬಂದು ಹಾಕುತ್ತಾನೆ. ಕಿಟಕಿ ಇಳಿಸಿ ಹಣ ಕೊಟ್ಟರಾಯಿತು. ನಮ್ಮ ಹೆದ್ದಾರಿಯ ಚಾರ್ಜಿಂಗ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ತೋಳಿನಷ್ಟು ದಪ್ಪದ, ಭಾರವಾದ ಕೇಬಲ್ಲನ್ನು ತಾವೇ ಎಳೆದು ಸಿಕ್ಕಿಸಬೇಕು. ಯಂತ್ರವನ್ನು ಮೆಟ್ಟಿಲಿನಂಥ ಕಟ್ಟೆಯ ಮೇಲೆ ಕೂರಿಸಿದ್ದರೆ ಗಾಲಿಕುರ್ಚಿ ಹತ್ತಿರವೇ ಹೋಗದು. ವಾದ ನಮ್ಮ ನೆಲಕ್ಕೆ ಬಂದಾಗ ತಲೆಕೆಳಗಾಗುತ್ತದೆ. ಮನೆಯಲ್ಲೇ 15 ಆಂಪಿಯರಿನ ಸಾಕೆಟ್ಟಿನಿಂದ ರಾತ್ರಿಯಿಡೀ ತುಂಬಿಸಿಕೊಂಡು ಹಗಲು ಜಿಲ್ಲೆಯೊಳಗೆ ಓಡಾಡುವವರಿಗೆ ಈ ಕಷ್ಟವಿಲ್ಲ. ಅಲ್ಲಿ ವಿದ್ಯುತ್ ಕಾರಿನದೇ ಮೇಲುಗೈ. ಕಿಲೋಮೀಟರಿನ ಖರ್ಚೂ ಕಡಿಮೆ.

ಬ್ರಿಟನ್ನಿನ ಮಾನಕ ಸಂಸ್ಥೆ 2022ರಲ್ಲಿ ಪಿಎಎಸ್ 1899 ಎಂಬ ನಿರ್ದೇಶವನ್ನು ಹೊರಡಿಸಿತು. ಚಾರ್ಜಿಂಗ್ ಯಂತ್ರದ ಪರದೆ ಎಷ್ಟು ಎತ್ತರದಲ್ಲಿರಬೇಕು, ಸುತ್ತ ಎಷ್ಟು ಸಮತಟ್ಟು ಜಾಗ ಬಿಡಬೇಕು, ಕೇಬಲ್ ಎತ್ತಲು ಎಷ್ಟು ಬಲಕ್ಕಿಂತ ಹೆಚ್ಚು ಬೇಡಬಾರದು ಎಂಬುದೇ ಅದರ ವಿಷಯ. ಹೊಸ ತಂತ್ರಜ್ಞಾನ ಬೇಕಾಗಿಲ್ಲ. ಸಿಮೆಂಟಿನ ಕಟ್ಟೆಯನ್ನು ಎಲ್ಲಿ ಕಟ್ಟಬಾರದೆಂಬ ತಿಳಿವಳಿಕೆ ಸಾಕು.

ಕಾರಿನ ನೆಲದ ಸಂಗತಿಯೂ ಹೀಗೆಯೇ. ಗಾಲಿಕುರ್ಚಿಯಲ್ಲಿ ಕುಳಿತಂತೆಯೇ ಕಾರನ್ನೇರುವವರಿಗಾಗಿ ಪೆಟ್ರೋಲ್ ಕಾರಿನ ನೆಲವನ್ನು ಕತ್ತರಿಸಿ ತಗ್ಗಿಸುತ್ತಾರೆ. ಇಂದಿನ ವಿದ್ಯುತ್ ಕಾರುಗಳಲ್ಲಿ ನೆಲದ ಕೆಳಗೇ ಬ್ಯಾಟರಿ ಹರಡಿರುವುದರಿಂದ ಅಲ್ಲಿ ಗರಗಸ ಇಡುವಂತಿಲ್ಲ.

ಕಾನೂನು ಈ ಚರಿತ್ರೆಯ ಹಿಂದೆ ನಿಧಾನವಾಗಿ ಬಂತು. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಅಂಗವಿಕಲರ ವಾಹನದ ಅರ್ಥನಿರೂಪಣೆ ಹೀಗಿತ್ತು: ಅದು ಅವರಿಗೆಂದೇ ವಿಶೇಷವಾಗಿ ವಿನ್ಯಾಸಗೊಂಡು ತಯಾರಾಗಿರಬೇಕು, ಸುಮ್ಮನೆ ಮಾರ್ಪಡಿಸಿದ್ದು ಸಾಲದು. ಇನ್ವಾಕಾರಿನ ಕಾಲದ ಕಲ್ಪನೆಯೇ ಇದು. ನಮ್ಮ ಜನ ನಿಜವಾಗಿ ಓಡಿಸುತ್ತಿದ್ದುದು ಪಕ್ಕದ ಚಕ್ರ ಜೋಡಿಸಿದ ಸ್ಕೂಟರು, ಸನ್ನೆ ಕೂರಿಸಿದ ಕಾರು. 2019ರ ತಿದ್ದುಪಡಿ ಆ ಪದವನ್ನು ತೆಗೆದು ‘ಮಾರ್ಪಡಿಸಿದ ವಾಹನ’ ಎಂಬುದನ್ನು ತಂದಿತು. ತಯಾರಾದ ಮೇಲೆ ಬದಲಾಯಿಸಿದ ವಾಹನವನ್ನೂ ಅದರಲ್ಲಿ ಸೇರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ವಿದ್ಯುತ್ ವಾಹನಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು. ಆ ರಿಯಾಯಿತಿ ಎಲ್ಲರಿಗೂ ಸಿಕ್ಕಿತು. ಅಂಗವೈಕಲ್ಯದ ಪ್ರಮಾಣಪತ್ರ ಹಿಡಿದು ಅಲೆಯಬೇಕಾಗಲಿಲ್ಲ.

ಆದರೂ ಗುಂಡ್ಲುಪೇಟೆಯ ಚೆಂಡುಹೂವಿನ ಬೆಳೆಗಾರನಿಗೋ ಅರಿಸಿನದ ಮಂಡಿಯ ಗುಮಾಸ್ತನಿಗೋ ಹೊಸ ಕಾರಿನ ಬೆಲೆ ಎಟುಕುವುದು ಕಷ್ಟ. ಮದರಾಸಿನ ಐಐಟಿ 2021ರಲ್ಲಿ ಬಿಡುಗಡೆ ಮಾಡಿದ ನಿಯೋಬೋಲ್ಟ್ ಅಂಥವರ ಗಮನಕ್ಕೆ ಬರಬೇಕು. ಗಾಲಿಕುರ್ಚಿಯ ಮುಂದೆ ತಗುಲಿಸುವ, ಲಿಥಿಯಮ್ ಬ್ಯಾಟರಿಯ ಒಂದು ಚಕ್ರ ಅದು. ಗಂಟೆಗೆ 25 ಕಿಲೋಮೀಟರು ವೇಗ. ಊರು ತಲುಪಿದ ಮೇಲೆ ಅದನ್ನು ಬಿಚ್ಚಿಟ್ಟು ಅದೇ ಕುರ್ಚಿಯಲ್ಲಿ ಅಂಗಡಿಯೊಳಗೆ ಹೋಗಬಹುದು. ಕಾರಿನಿಂದ ಇಳಿದು ಕುರ್ಚಿಗೆ, ಕುರ್ಚಿಯಿಂದ ಮತ್ತೆ ಕಾರಿಗೆ ಎಂಬ ಏರಿಳಿತವೇ ಇಲ್ಲ. ತೆರಕಣಾಂಬಿಯಿಂದ ಗುಂಡ್ಲುಪೇಟೆಯ ಸಂತೆಗೆ ಅದು ಸಾಕು. ಚಾಮರಾಜನಗರದ ಆಸ್ಪತ್ರೆಗೆ, ಮಳೆಗಾಲದಲ್ಲಿ, ಮನೆಯವರೊಡನೆ ಹೋಗಬೇಕೆಂದರೆ ಕಾರೇ ಬೇಕು.